ಹನ್ನೊಂದು ಮುಚ್ಚಳ

ನಮ್ಮ ಕಾರ್ಸ್ ಊರಲ್ಲಿ ಚಂದ್ರ, ಮಕ್ಕಳಿಗೆ ಅಜ್ಜ.
ಅಯ್‌ದೆದೆ, ಅಯ್‌ದೆದೆ ಎಂದು ಕಿಟಕಿಯಾಚೆ ಬೆರಳು ಮಾಡುತ್ತೇವೆ.

ಮೊದಲ ಟ್ಯೂಬು ಕೊಟ್ಟದ್ದು ನಾನೇ.
ಫೆಬ್ರವರಿ. ಔಷಧದಂಗಡಿಯ ಯಜಮಾನರು ಊಟಕ್ಕೆ ಹೋಗಿದ್ದರು.
ಸೆವ್ಗಿನಾಜ್ ಬೂಟಿನ ಹಿಮವನ್ನೂ ಒದರದೆ ಒಳಬಂದಳು.
ಅತ್ತು ಅತ್ತು ಕೂಸು ಮಿರಾಚನ ದನಿ ಬತ್ತಿತ್ತು,
ಡೈಪರಿನಡಿ ಚರ್ಮ ಸುಲಿದು ಹಸಿಹಸಿ ಕೆಂಪು.
"ಮೆತ್ತಗಿನದು ಹಚ್ಚಿ ಸಾಕಾಯಿತು, ಜೋರಿನದು ಕೊಡಿ."
ಕೊಟ್ಟೆ. ಚೀಟಿ ಕೇಳಲಿಲ್ಲ.
ತೆಳ್ಳಗೆ ಹಚ್ಚಿ ಎಂದೆನೋ ಇಲ್ಲವೋ,
ಚಿಲ್ಲರೆ ಎಣಿಸಿದ್ದು ಮಾತ್ರ ಸರಿಯಾಗಿ ನೆನಪಿದೆ.

ಮೂರೇ ದಿನಕ್ಕೆ ಮಾಯ.
ಉಪ್ಪು ಸವರಿ ಒಣಗಿಸಿದ ಹೆಬ್ಬಾತಿನ ತೊಡೆ ತಂದುಕೊಟ್ಟಳು ನನಗೆ.
ಆಮೇಲೆ ಡೈಪರು ಬಿಚ್ಚಿದಾಗೆಲ್ಲ ಹಚ್ಚಿದಳು,
ಬಂದರೂ ಹಚ್ಚಿದಳು, ಬಾರದಿರಲೆಂದೂ ಹಚ್ಚಿದಳು.

ಮಗು ತುಂಬಿಕೊಂಡಿತು.
ಕೆನ್ನೆ ಇಳಿದು ಕತ್ತು ಕಾಣದಾಯಿತು,
ನಡುವೆ ತುಟಿ, ಅಂಗಿಯ ಗುಂಡಿಯಷ್ಟು.
ನೆರೆಯವರು ಮಾಷಲ್ಲಾ ಎಂದರು.
ಅತ್ತೆ ನೀಲಿಮಣಿ ಚುಚ್ಚಿದಳು ಭುಜಕ್ಕೆ,
ಯಾರ ಕಣ್ಣೂ ತಾಗದಿರಲೆಂದು.

ತಾಗಬೇಕಿತ್ತು. ಒಂದಾದರೂ ಕಣ್ಣು ತಾಗಬೇಕಿತ್ತು
ಹಣೆಯಲ್ಲಿ ಹುಟ್ಟಿದ ನವಿರು ಕೂದಲಿಗೆ,
ಹೊಟ್ಟೆಯಡಿ ಕಡ್ಡಿಯಾದ ಕಾಲಿಗೆ.

ಕಡೆಗೆ ತಾಗಿದ್ದು ಲಸಿಕೆ ಹಾಕುವ ದಾದಿಯದು.
ತೂಕ ಏರಿದೆ,
ಉದ್ದ ಮೂರು ತಿಂಗಳಿಂದ ಅದೇ ಗೆರೆಯಲ್ಲಿ ನಿಂತಿದೆ.

ಎರ್ಜುರುಮಿನ ದೊಡ್ಡಾಸ್ಪತ್ರೆ. ಡಾಕ್ಟರು ಗದ್ದ ಎತ್ತಿ ನೋಡಿ
ಆ ಮಕ್ಕಳ ಪದವನ್ನೇ ಆಡಿದರಂತೆ: ಅಯ್‌ದೆದೆ ಮುಖ.
ಹೊಗಳಿಕೆ ಎಂದುಕೊಂಡು ಸೆವ್ಗಿನಾಜ್ ನಕ್ಕಳಂತೆ.

ಎಷ್ಟು ಟ್ಯೂಬು ಹಚ್ಚಿದೆ? ಅವಳಿಗೆ ಗೊತ್ತಿಲ್ಲ.
ಆದರೆ ಮಗುವಿನ ಕೈಯಲ್ಲಿ ಗಿಲಕಿ ಇತ್ತು.
ಮುಚ್ಚಳಗಳನ್ನು ಬಿಸಾಡಲು ಮನಸ್ಸಾಗದೆ
ದಾರಕ್ಕೆ ಪೋಣಿಸಿದ್ದಳು.
ಡಾಕ್ಟರು ಒಂದೊಂದೇ ಸರಿಸಿ ಎಣಿಸಿದರು.

ಮೂತ್ರಪಿಂಡದ ನೆತ್ತಿಗೆ ಕುಲಾವಿಯಂತೆ ಕೂತ ಗ್ರಂಥಿ
ಹೊರಗಿನಿಂದಲೇ ಇಷ್ಟು ಬರುವಾಗ ನಾನೇಕೆ ದುಡಿಯಲಿ ಎಂದು
ಮಲಗಿಬಿಟ್ಟಿದೆ.
ಥಟ್ಟನೆ ನಿಲ್ಲಿಸಿದರೆ ಸಣ್ಣ ಜ್ವರಕ್ಕೂ ಮೈ ತಡೆಯದು.
ಮಾತ್ರೆ ಅರೆದು ಕಾಲುಭಾಗ, ತಿಂಗಳು ಕಳೆದು ಅದರರ್ಧ,
ನಿದ್ದೆ ಹೋದವರನ್ನು ಹೆಸರು ಹಿಡಿದು
ಬೆಚ್ಚದಂತೆ ಎಬ್ಬಿಸುವ ಹಾಗೆ.

ಆ ಮಾತ್ರೆಯನ್ನೂ ಈಗ ನಾನೇ ಕೊಡುತ್ತೇನೆ,
ಚೀಟಿಯನ್ನು ಎರಡು ಸಲ ಓದಿ.
ಮುಖ ವಾರವಾರಕ್ಕೂ ಕರಗುತ್ತಿದೆ, ಗದ್ದ ಮೂಡಿದೆ.
ಅತ್ತೆಗೆ ಬೇಸರ: ಸೊರಗಿತಲ್ಲೇ ಮಗು, ಏನು ಉಣಿಸುತ್ತೀ?
ಸೆವ್ಗಿನಾಜ್ ಮಾತಾಡುವುದಿಲ್ಲ. ನನ್ನೊಡನೆಯೂ ಇಲ್ಲ.

ಮಿರಾಚನನ್ನು ಕೌಂಟರಿನ ಮೇಲೆ ಕೂರಿಸಿ ಪರ್ಸು ತೆಗೆಯುತ್ತಾಳೆ.
ಅವನು ಗಿಲಕಿ ಆಡಿಸುತ್ತಾನೆ;
ಅದನ್ನವಳು ಕಿತ್ತುಕೊಂಡಿಲ್ಲ, ಏಕೋ.
ನಾನು ಚಿಲ್ಲರೆ ಎಣಿಸುವುದು ತಪ್ಪುತ್ತದೆ.