ಟಿಕೆಟ್ಟಿನ ಬೆನ್ನ ಮೇಲೆ

ಏನೇ ಆದರೂ ಬರೆದಿಟ್ಟುಕೊಂಡು ಬನ್ನಿ,
ಸಣ್ಣದಾದರೂ ಸರಿ, ಎಂದಿದ್ದಿರಿ ಚೋಂದಮ್ಮ ಸಿಸ್ಟರ್,
ಮಡಿಕೇರಿ ಆಸ್ಪತ್ರೆಯ ಮೂಲೆ ಕಿಟಕಿಯಲ್ಲಿ
ಮಾತ್ರೆ ಡಬ್ಬಿಯ ಜೊತೆ ಒಂದು ಹಾಳೆ ಕೊಟ್ಟು.
ಹಾಳೆ ಮನೆಯಲ್ಲೇ ಉಳಿಯಿತು. ನಾನಿರುವುದು ಬಸ್ಸಲ್ಲಿ.
ಬಾಕಿ ಚಿಲ್ಲರೆ ಬರೆಯುವ ಜಾಗದಲ್ಲೇ,
ಟಿಕೆಟ್ಟಿನ ಬೆನ್ನ ಮೇಲೆ, ಬರೆದಿದ್ದೇನೆ.
ಅಕ್ಷರ ಕುಣಿದಿದ್ದರೆ ಅದು ಮೂರ್ನಾಡು ರಸ್ತೆಯ ತಪ್ಪು,
ಮಾತ್ರೆಯ ಲೆಕ್ಕಕ್ಕೆ ಹಾಕಬೇಡಿ.

ಮೇಕೇರಿ. ಬೆಳಿಗ್ಗೆ ಏಳು ಹತ್ತು.
ಎರಡು ಅಕ್ಕಿರೊಟ್ಟಿಯ ಮೇಲೆ, ದೊಡ್ಡ ಲೋಟ ನೀರಿನಲ್ಲಿ ನುಂಗಿದ್ದು
ಮೊದಲ ತಿರುವಿಗೇ ಗಂಟಲಿಗೆ ಬಂದು ನಿಂತಿದೆ.
ಇಪ್ಪತ್ತೊಂದು ವರ್ಷ ಕಂಡವರ ವಾಂತಿಗೆ
ನಿಂಬೆಹಣ್ಣು, ಪ್ಲಾಸ್ಟಿಕ್ ಕವರು, ಕಿಟಕಿ ಸೀಟು ಹಂಚಿದವಳು,
ಈಗ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಎಣಿಸುತ್ತೇನೆ
ಇನ್ನೆಷ್ಟು ತಿರುವು ಎಂದು.
ಡ್ರೈವರ್ ಮೊಯ್ದು ಏನೂ ಕೇಳಿಲ್ಲ.
ಆದರೆ ಈಚೆಗೆ ಅವರು ಬಸ್ಸು ತಿರುಗಿಸುವುದು
ಮಲಗಿದ ಕೂಸಿಗೆ ಹೊದಿಸುವ ಹಾಗೆ.
ದಿನಾ ಎಂಟು ನಿಮಿಷ ತಡವೆಂದು ಅವರಿಗೆ ನೋಟಿಸು ಬಂದಿದೆ.
ಅದನ್ನೂ ಅಡ್ಡ ಪರಿಣಾಮ ಅನ್ನಬಹುದೇ?

ರಾತ್ರಿ ಎರಡಕ್ಕೆ ಮೀನಖಂಡ
ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ.
ಎದ್ದು, ತಣ್ಣನೆ ಸಿಮೆಂಟಿಗೆ ಹಿಮ್ಮಡಿ ಊರಿ,
ಕತ್ತಲಲ್ಲಿ ಕೈ ಮೇಲಕ್ಕೆ ಹೋಗಿ ಕಂಬಿ ಹುಡುಕುತ್ತದೆ.
ಮನೆಯಲ್ಲಿ ಎಲ್ಲಿಯ ಕಂಬಿ!
"ಯಾವ ಸ್ಟಾಪು?" ಎಂದರು ಗಂಡ, ನಿದ್ದೆಗಣ್ಣಲ್ಲಿ.
ನೋವಲ್ಲೂ ನಗು ಬಂತು.

ಚಕ್ಕೋತ ಮುಟ್ಟಬೇಡಿ ಎಂದಿರಿ.
ಹಿತ್ತಲ ಮರಕ್ಕೆ ಅದನ್ನು ಯಾರು ಹೇಳುವುದು?
ಈ ವರ್ಷವೇ ಅದು ಕೊಂಬೆ ನೆಲ ಮುಟ್ಟುವಷ್ಟು ಬಿಟ್ಟಿದೆ.
ಮಗಳು ಸುಲಿಯುವಾಗ ಆಚೆ ಹೋಗಿ ನಿಂತೆ, ಬಾಯಲ್ಲಿ ನೀರು.
ಇದು ಔಷಧಿಯದೋ ಆಸೆಯದೋ, ನೀವೇ ನೋಡಿ.

ಕಾಕೋಟುಪರಂಬಲ್ಲಿ ಹತ್ತಿದ ಅಕ್ಕವ್ವ
ಶೂನ್ಯ ಟಿಕೆಟ್ಟಿನ ಜೊತೆ ನನ್ನ ಕೈಯನ್ನೂ ಹಿಡಿದುಕೊಂಡರು:
"ಬೆಳ್ಳಗಾಗಿದ್ದೀಯಲ್ಲ! ಯಾವ ಕ್ರೀಮು?"
ನಲವತ್ತಾರು ವರ್ಷ ಕರಿ ದಮಯಂತಿ ಅನ್ನಿಸಿಕೊಂಡೆ.
ಅಮ್ಮ ಕಡಲೆಹಿಟ್ಟು ತಿಕ್ಕಿ ತಿಕ್ಕಿ ಸೋತ ಚರ್ಮ
ಹನ್ನೊಂದು ತಿಂಗಳಲ್ಲಿ ಹಾಲು ಬಿದ್ದ ಕಾಫಿ.
"ನುಂಗುವ ಕ್ರೀಮು ಅಕ್ಕವ್ವ, ದಿನಕ್ಕೊಂದು."
ಮೊಮ್ಮಗಳಿಗೂ ಬೇಕಂತೆ ಅವರಿಗೆ.
ಕನ್ನಡಿಯಲ್ಲಿ ಅಪ್ಪನ ಬಣ್ಣ ಹುಡುಕಿದೆ.
ಮೊಣಕೈಯಲ್ಲಿ ಸ್ವಲ್ಪ ಉಳಿದಿದೆ.

ಕಣ್ಣ ಸುತ್ತ ಊತ. ಬೆಳಿಗ್ಗೆ ಜಾಸ್ತಿ.
"ಅತ್ತಿದ್ದೀಯಾ?"
ಇಲ್ಲವೆಂದರೆ ಯಾರೂ ನಂಬುವುದಿಲ್ಲ.
ಡಿಪೋದ ಕಂಟ್ರೋಲರು ಗಂಡನ ಕುಡಿತದ ಬಗ್ಗೆ ವಿಚಾರಿಸಿದರು
(ಅವರು ಕುಡಿಯುವುದೇ ಇಲ್ಲ).
ಕಾಲೇಜು ಹುಡುಗಿಯೊಬ್ಬಳು ಇಳಿಯುವಾಗ
ನನ್ನ ಅಂಗೈಗೆ ಚಾಕಲೇಟು ಒತ್ತಿ ಓಡಿದಳು.
ರಕ್ತದ ಸುದ್ದಿ ತಿಳಿದ ದಿನವೂ ಅಳದವಳು
ಅತ್ತವಳ ಮುಖ ಹೊತ್ತು ದಿನಕ್ಕೆ ಆರು ಟ್ರಿಪ್ಪು ತಿರುಗುತ್ತೇನೆ.

ಮೊನ್ನೆ ಬೇತ್ರಿ ಸೇತುವೆ ಮೇಲೆ ನಿಮ್ಮ ಫೋನು.
ವರದಿ ಓದಿದಿರಿ: ಬಿಂದುವಿನ ಆಚೆ ಎರಡು ಸೊನ್ನೆ,
ಆಮೇಲೆ ಪುಟ್ಟದೊಂದು ಅಂಕಿ.
ಯಾವ ಕಂಡಕ್ಟರೂ ವಾಪಸು ಕೊಡಲಾರದಷ್ಟು ಸಣ್ಣ ಚಿಲ್ಲರೆ.
ಇನ್ನೂ ಶೂನ್ಯವಾಗಿಲ್ಲ; ಶೂನ್ಯದ ಹಿಂದಿನ ಸ್ಟಾಪು.
ಕೆಳಗೆ ಕಾವೇರಿ, ಮೊಯ್ದು ಗೇರು ಬದಲಿಸಿದ ಸದ್ದು.
ಆಗ ಅತ್ತೆ.
ಟಿಕೆಟ್ಟು ಕೊಡುತ್ತಲೇ, ವಿರಾಜಪೇಟೆ ಬರುವ ತನಕ ಅತ್ತೆ.
ಒಬ್ಬರೂ ಕೇಳಲಿಲ್ಲ.
ಮುಖ ಎಂದಿನಂತೆಯೇ ಇತ್ತಲ್ಲ.

ನಿಮ್ಮ ಹಾಳೆಯ ಕೊನೆಯ ಪ್ರಶ್ನೆ:
ತೊಂದರೆಯಿಂದಾಗಿ ಔಷಧಿ ನಿಲ್ಲಿಸಿದ್ದೀರಾ?
ಇಲ್ಲ.
ಟಿಕೆಟ್ಟುಗಳಿಗೆಲ್ಲ ಪಿನ್ನು ಹೊಡೆದು ಕೊಟ್ಟಿದ್ದೇನೆ.
ಒಂದರ ಬೆನ್ನಲ್ಲಿ "ಬಾಕಿ ಹದಿನಾಲ್ಕು" ಎಂದಿದೆ,
ಅದು ನಿಮ್ಮ ವರದಿಗೆ ಸೇರಿದ್ದಲ್ಲ, ವಾಪಸು ಕೊಡಿ.
ಟಿಕೆಟ್ಟನ್ನೂ ಮರೆತು ಹಾಕತ್ತೂರಲ್ಲಿ ಇಳಿದುಹೋದ
ಕೊಡೆ ಹಿಡಿದ ಮುದುಕರದು.
ಅವರು ಸಿಗುವ ತನಕ
ನಾನು ಈ ರೂಟಿನಲ್ಲೇ ಇರಬೇಕು.