ಕಣ್ಣಿರುವ ಹೋಳು

ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿಯ ಮಾಳಿಗೆ.
ಪ್ಲಾಸ್ಟಿಕ್ ಕುರ್ಚಿ ಏಳು, ಜನ ಆರು.
ಪರದೆ ಅಂದರೆ ಯಾರದೋ ಶ್ರದ್ಧಾಂಜಲಿಯ ಫ್ಲೆಕ್ಸು,
ಬಿಳಿ ಬೆನ್ನು ನಮ್ಮ ಕಡೆಗೆ,
ಸತ್ತವರ ಮುಖ ಕಿಟಕಿಗೆ.

ಮಕ್ಕಳದ್ದು ಅಂದುಕೊಂಡು ಬಂದವನು ನಾನು.
ಗೊಂಬೆ ಪಿಕ್ಚರ್ ಅಂದರೆ ಮೊಲ, ಮೊಲ ಅಂದರೆ ಕ್ಯಾರೆಟ್ಟು.
ಮೊಮ್ಮಗನನ್ನೂ ಕರೆತರುವವನಿದ್ದೆ,
ಪುಣ್ಯಕ್ಕೆ ಅವನಿಗೆ ಟ್ಯೂಷನ್ನಿತ್ತು.

'ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಕೆಮ್ಮೋರು ಈಗ್ಲೇ ಕೆಮ್ಕೊಂಬಿಡಿ,'
ಅಂದು ಜೆಸಿಂತಾ ಲೈಟು ಆರಿಸಿದಳು.

ಮೊದಲು ಕತ್ತಲು. ಬರಿಯ ಕತ್ತಲಲ್ಲ,
ಖಾಲಿ ಕಾರ್ಟ್ರಿಜ್‌ಗಳ ಬುಡ ಬಡಿದು ಬಡಿದು
ಹದಿನಾಲ್ಕು ತಿಂಗಳು ಕೂಡಿಟ್ಟ ಟೋನರ್ ಪುಡಿ.
ಅದರೊಳಗಿಂದ ಒಂದು ಆಲೂಗಡ್ಡೆ ಏಳುತ್ತದೆ.
ನಮ್ಮ ಕೋಲ್ಡ್ ಸ್ಟೋರೇಜಿನದು, ನಾನೇ ತೂಗಿ ಕೊಟ್ಟದ್ದು,
ಮೂರು ಕಿಲೋ, ದುಡ್ಡು ಬೇಡವೆಂದಿದ್ದೆ.

ಆಲೂಗಡ್ಡೆ ಹೆಂಗಸು ಮೇಜಿನ ಮುಂದೆ ಕೂತು
ತನ್ನ ಸಿಪ್ಪೆ ತಾನೇ ಸುಲಿಯುತ್ತಾಳೆ
ಒಂದೇ ಎಳೆಯಾಗಿ, ತುಂಡಾಗದ ಹಾಗೆ.
ಆ ಎಳೆಯಲ್ಲೇ ಸ್ವೆಟರು ಹೆಣೆಯುತ್ತಾಳೆ
ತೊಟ್ಟಿಲ ಕೂಸಿಗೆ. ತೊಟ್ಟಿಲಲ್ಲಿರುವುದು ಚಾಕು.
ಚಾಕು ಅಳುತ್ತದೆ. ಆ ಅಳು ಸ್ಟೇಪ್ಲರಿನದಂತೆ,
ನಿಧಾನ ಮಾಡಿದ್ದು. ಆಮೇಲೆ ಗೊತ್ತಾಯಿತು.
ಅವಳು ಅದನ್ನು ಎದೆಗೆ ಹಾಕಿಕೊಳ್ಳುತ್ತಾಳೆ.

ಯಾರೋ ನಕ್ಕರು. ಅರ್ಧಕ್ಕೆ ನಿಲ್ಲಿಸಿದರು.

ಅವಳ ಕೆನ್ನೆಯ ಮೇಲೆ ಜೆಸಿಂತಾಳ ಹೆಬ್ಬೆರಳ ಗುರುತು,
ಚಿತ್ರದಿಂದ ಚಿತ್ರಕ್ಕೆ ನಡುಗುತ್ತದೆ.
ಒರೆಸಬಹುದಿತ್ತು. ಒರೆಸಿಲ್ಲ.
ನನ್ನ ಮೈ ಜುಮ್ಮೆಂದದ್ದು ಚಾಕುವಿಗಲ್ಲ, ಅದಕ್ಕೆ.

ಆಮೇಲೆ ಮೊಳಕೆ. ಇದರಲ್ಲಿ ಮೋಸವಿಲ್ಲ.
ದಿನಕ್ಕೊಂದು ಫೋಟೋ, ಅಂಗಡಿ ಬಾಗಿಲೆಳೆದ ಮೇಲೆ;
ಕ್ರಿಸ್‌ಮಸ್ಸಿನ ದಿನವೂ ಒಂದು,
ಜ್ವರದ ದಿನವೂ ಒಂದು, ಅದು ಚೂರು ಅಲುಗಿದೆ.
ಅವಳ ಒಂದು ತಿಂಗಳು ನನ್ನ ಎರಡೂವರೆ ಸೆಕೆಂಡು.
ಒಂದೊಂದು ಕಣ್ಣಿಂದಲೂ ಬಿಳಿ ಬೆರಳು ಹೊರಟು
ಗೋಡೆ ತಡವುತ್ತವೆ, ಸ್ವಿಚ್ಚು ಹುಡುಕುತ್ತವೆ,
ಇತ್ತ ಮುಖ ಸುಕ್ಕಾಗಿ ಒಳಕ್ಕೆ ಕುಸಿಯುತ್ತದೆ.
ಸ್ವಿಚ್ಚು ಸಿಕ್ಕಿತು. ಒತ್ತಿದವು.
ಇದ್ದ ಬೆಳಕೂ ಹೋಯಿತು.

ಪರದೆ ಪೂರ್ತಿ ಕಪ್ಪಾದಾಗ
ಬೀದಿದೀಪ ಹಿಂದಿನಿಂದ ಫ್ಲೆಕ್ಸಿಗೆ ಹಾದು
ಸತ್ತವರು ನಮ್ಮ ಕಡೆ ನಕ್ಕರು.
ಹೆಸರು ಉಲ್ಟಾ, ಮೀಸೆ ಮಾತ್ರ ಸರಿಯಾಗಿ,
ಮೊದಲು ಹೋದ ದಿನ, ಆಮೇಲೆ ಹುಟ್ಟಿದ ದಿನ.
ಇದು ಚಿತ್ರದ್ದಲ್ಲ.
ಆದರೂ ಯಾರೂ ಎದ್ದು ಲೈಟು ಹಾಕಲಿಲ್ಲ.

ಕೊನೆಗೆ ಲೆಕ್ಚರರ್ ತಮ್ಮಣ್ಣೇಗೌಡರು ಗಂಟಲು ಸರಿಮಾಡಿ
'ಇದರ ಸಂದೇಶ ಏನಮ್ಮ?' ಅಂದರು.
'ನಂಬರ್ ಕೊಡಿ ಸಾರ್, ಕಳಿಸ್ತೀನಿ.'

ನನ್ನ ಕಡೆ ತಿರುಗಿದಳು. ನನಗೆ ಹೊಗಳಲು ಬರುವುದಿಲ್ಲ.
ಚೆನ್ನಾಗಿದೆ ಅನ್ನುವುದು ಊಟಕ್ಕೆ ಅನ್ನುವ ಮಾತು.

ಹತ್ತೊಂಬತ್ತು ವರ್ಷ ಆ ಚಳಿಕೋಣೆಯ ಬಾಗಿಲು
ತೆಗೆದವನು, ಹಾಕಿದವನು ನಾನು.
ಮೂರು ಡಿಗ್ರಿ, ಚೀಲದ ಮೇಲೆ ಚೀಲ, ಕೈಯಲ್ಲಿ ಟಾರ್ಚು.
ಬಿತ್ತನೆಗೆ ಕತ್ತರಿಸುವಾಗ
'ಹೋಳಿಗೊಂದು ಕಣ್ಣಿರ್ಲಿ, ಕಣ್ಣು ಕೊಯ್ಬೇಡಿ'
ಎಂದು ದಿನಕ್ಕೆ ನೂರು ಸಲ ಕೂಗಿದವನು,
ಏನು ಕೂಗುತ್ತಿದ್ದೇನೆಂದು
ಇವತ್ತಿನವರೆಗೂ ಕೇಳಿಸಿಕೊಂಡಿರಲಿಲ್ಲ.

ಒಮ್ಮೆ ನಡುರಾತ್ರಿ ಕರೆಂಟು ಹೋಗಿ
ಕಂಪ್ರೆಸರು ನಿಂತ ಮೌನದಲ್ಲಿ
ಒಳಗೆ ಎಲ್ಲವೂ ಒಟ್ಟಿಗೆ
ಮಗ್ಗುಲು ಬದಲಿಸಿದ ಸದ್ದಾಯಿತು.
ಹೆಂಡತಿಗೆ ಹೇಳಲಿಲ್ಲ, ತಾಯಿತ ಕಟ್ಟಿಸುತ್ತಿದ್ದಳು.
ಹೇಳದ ಆ ಮಾತು ಇವತ್ತು
ಬೇರೆಯವರ ಗೋಡೆಯ ಮೇಲೆ ನಡೆದಾಡಿತು.
ಹೆದರಿಕೆಯಾಯಿತು ನಿಜ.
ಒಬ್ಬನೇ ಹೆದರಿದ್ದಕ್ಕಿಂತ ಹಗುರವಾಗಿತ್ತು.

ಇಷ್ಟೆಲ್ಲ ಅಲ್ಲಿ ಅನ್ನಲಾಗಲಿಲ್ಲ. ಅಂದದ್ದು ಇಷ್ಟು:
'ಮುಂದಿನದಕ್ಕೆ ಎಷ್ಟು ಕಿಲೋ ಬೇಕಾಗ್ತದೆ?'

ಅವಳು ವೈರು ಸುತ್ತುತ್ತಿದ್ದಳು.
'ಮುಂದಿನದು ಹಲ್ಲುಗಳದು ಅಂಕಲ್.'

ಪೆನ್ಷನ್ ಮೊಹಲ್ಲಾದ ತಿರುವಿನವರೆಗೂ
ನಾಲಿಗೆಯಲ್ಲಿ ಒಂದೊಂದೇ ಹಲ್ಲು ಮುಟ್ಟಿ
ಎಣಿಸುತ್ತ ಹೋದೆ.