ರಸೀದಿ

ಇನ್ವರ್‌ಕಾರ್ಗಿಲ್. ದಕ್ಷಿಣದ ಗಾಳಿಗೆ
ನೆರವಿನ ಕಚೇರಿಯ ಬಾಗಿಲು ತಾನೇ ತೆರೆದು ಮುಚ್ಚುತ್ತಿದೆ.
ಫಾರ್ಮಿನಲ್ಲೊಂದು ಪ್ರಶ್ನೆ: ಗಂಡನಿಂದ ಬೇರೆಯಾದ ದಿನ?
ನೈರಿ ಪೆನ್ನು ಹಿಡಿದು ಕೂತಿದ್ದಾಳೆ.
ದವಡೆ ಮುರಿದ ದಿನವೋ,
ಹಿಟ್ಟಿನ ಡಬ್ಬಿಯೊಳಗೆ ಮೊದಲ ನಾಣ್ಯ ಹುದುಗಿಸಿಟ್ಟ ದಿನವೋ?
ಚೌಕ ಒಂದೇ,
ಅದೂ ಕಿರುಬೆರಳ ಉಗುರಿನಷ್ಟು.

ಹನ್ನೊಂದು ವರ್ಷ ಹಾಲಿಗೂ ಲೆಕ್ಕ ಒಪ್ಪಿಸಿದವಳು
ಕೇಳಿದಳು: ಚೀಟಿಗಳನ್ನು ಯಾವತ್ತು ತಂದು ತೋರಿಸಲಿ?
ಈ ದುಡ್ಡಿಗೆ ಲೆಕ್ಕ ಕೊಡಬೇಕಿಲ್ಲ,
ಅಂದಳು ಗುಮಾಸ್ತೆ, ಕತ್ತೆತ್ತದೆ.

ಸಂಜೆ ಒಂದು ಕೆಟಲ್, ಮಗನಿಗೆ ಬೂಟು,
ಪಟ್ಟಿಯಲ್ಲಿಲ್ಲದ ಮೂರು ಪೀಚ್ ಹಣ್ಣು.
ಬಸ್ಸಿನಲ್ಲಿ
ರಸೀದಿಯನ್ನು ನಾಲ್ಕು ಮಡಿಕೆ ಮಾಡಿದಳು,
ಬಿಚ್ಚಿದಳು,
ಮತ್ತೆ ಮಡಿಚಿದಳು.
ಹಣ್ಣು ಕಚ್ಚಿದರೆ ರಸ ಮೊಣಕೈವರೆಗೆ ಇಳಿಯಿತು.
ಒರೆಸಿಕೊಳ್ಳಲು
ಕೈಗೆ ಸಿಕ್ಕಿದ್ದು ಅದೇ.